ತಿರುವಿನಲ್ಲಿ ನಡುಗುವ ಲಾರಿ

ಭತ್ತದ ಸುಗ್ಗಿಯಲ್ಲಿ ಗಂಗಾವತಿಯ ಪೇಟೆಯನ್ನು ಕಂಡವರಿಗೆ ಲಾರಿಗಳ ಸಾಲು ಹೊಸದಲ್ಲ. ಮುನಿರಾಬಾದಿನ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಗಂಗಾವತಿ, ಕಾರಟಗಿಗಳ ಎರೆ ಭೂಮಿ ಭತ್ತದ ಕಣಜವಾಯಿತು. ಆ ಕಣಜವನ್ನು ಊರೂರಿಗೆ ಹೊರುವುದು ಲಾರಿಯ ಪಾಲಿಗೆ ಬಂದಿತು.

ಅಂತಹ ಒಂದು ಲಾರಿಯನ್ನು ವಾಚಕರು ಊಹಿಸಿಕೊಳ್ಳಲಿ. ನೆಟ್ಟನೆಯ ರಸ್ತೆಯಲ್ಲಿ ಅದು ಸೊಗಸಾಗಿ ಓಡುತ್ತದೆ. ಆದರೆ ಅಕ್ಕಿ ಗಿರಣಿಯ ಬಾಗಿಲಿಗೆ ಮೆಲ್ಲನೆ ಹೊರಳುವಾಗ ಹಿಂಭಾಗ ಗಡಗಡನೆ ನಡುಗುತ್ತದೆ, ಟೈರುಗಳು ಕಿರುಗುಟ್ಟುತ್ತವೆ. ಮಾಲೀಕರ ಸಿಟ್ಟು ಮೊದಲು ಹರಿಯುವುದು ಚಾಲಕನ ಮೇಲೆ. ದುರಸ್ತಿಯ ಖರ್ಚನ್ನು ತನ್ನ ಸಂಬಳದಲ್ಲಿ ಮುರಿದುಕೊಂಡಾರೆಂಬ ಅಂಜಿಕೆಯಿಂದ ಆತನು ಬಾಯಿ ಬಿಡುವುದಿಲ್ಲ. ರೋಗ ಬಲಿಯುವುದು ಇಲ್ಲಿಯೇ.

ತಿರುವಿನಲ್ಲಿ ಹೊರಬದಿಯ ಚಕ್ರವು ಒಳಬದಿಯದಕ್ಕಿಂತ ಹೆಚ್ಚು ದೂರ ಸಾಗಬೇಕು. ಚಕ್ರಗಳ ನಡುವಣ ಅಂತರ 1.8 ಮೀಟರ್ ಎಂದಿಟ್ಟುಕೊಂಡರೆ, ಕಾಲು ಸುತ್ತು ತಿರುಗುವಷ್ಟರಲ್ಲಿ ಈ ಹೆಚ್ಚಳ ಸುಮಾರು 2.8 ಮೀಟರ್. ತಿರುವು ಇಕ್ಕಟ್ಟಾದಷ್ಟೂ ಇದೇ ಹೆಚ್ಚಳ ಕಿರಿದಾದ ಹಾದಿಯಲ್ಲೇ ಮುಗಿಯಬೇಕು. ನಾವು ಮೆಲ್ಲನೆ ಹೊರಳುವುದು ಇಕ್ಕಟ್ಟಿನಲ್ಲೇ ತಾನೆ? ಆದುದರಿಂದಲೇ ದೋಷವು ನಿಧಾನದ ತಿರುವಿನಲ್ಲಿ ಬಯಲಾಗುತ್ತದೆ.

ಎತ್ತಿನ ಬಂಡಿಗೆ ಈ ತೊಡಕಿಲ್ಲ; ಅದರ ಗಾಲಿಗಳು ಅಚ್ಚಿನ ಮೇಲೆ ತಮ್ಮಷ್ಟಕ್ಕೆ ತಾವು ಸುತ್ತುತ್ತವೆ. ಲಾರಿಯಲ್ಲಾದರೋ ಎಂಜಿನಿನ ಬಲ ಎರಡು ಬದಿಗೂ ಹೋಗಬೇಕು, ಆದರೂ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಬೇಕು. ಈ ಸಂಧಾನವನ್ನು ಮಾಡಿಸುವ ಹಲ್ಲುಚಕ್ರಗಳ ಕೂಟವೇ ಡಿಫರೆನ್ಶಿಯಲ್. ಫ್ರಾನ್ಸಿನ ಗಡಿಯಾರದ ಕುಶಲಕರ್ಮಿ ಒನೆಸಿಫೋರ್ ಪೆಕ್ಯೂರ್ 1820ರ ದಶಕದ ಕೊನೆಗೆ ಉಗಿಬಂಡಿಗಾಗಿ ಇದನ್ನು ರೂಪಿಸಿದನು.

ಈ ಕೂಟಕ್ಕೊಂದು ದೌರ್ಬಲ್ಯವುಂಟು. ಒಂದು ಚಕ್ರ ಕೆಸರಿನಲ್ಲಿ ಜಾರಿದರೆ ಅದೊಂದೇ ಬರಿದೆ ಸುತ್ತುತ್ತದೆ, ಇನ್ನೊಂದು ನಿಂತೇ ಇರುತ್ತದೆ. ಅದಕ್ಕಾಗಿ ಕೆಲವು ಲಾರಿ, ಟಿಪ್ಪರುಗಳಲ್ಲಿ ಎರಡು ಚಕ್ರಗಳನ್ನೂ ಒಂದಾಗಿ ಬಂಧಿಸುವ ಲಾಕ್ ಇರುತ್ತದೆ. ಎರೆಯ ಕೆಸರಿನಲ್ಲಿ ಅದು ಆಪದ್ಬಂಧು. ಅದನ್ನು ತೆಗೆಯದೆ ಕುಷ್ಟಗಿ, ಯಲಬುರ್ಗಾಗಳ ಡಾಂಬರು ರಸ್ತೆಗೆ ಬಂದರೆ ಅದೇ ಶತ್ರು. ಕೆಸರಿನಲ್ಲಿ ಚಕ್ರ ಜಾರಿ ಹೊಂದಿಕೊಳ್ಳುತ್ತದೆ; ಗಟ್ಟಿ ನೆಲ ಜಾರಗೊಡದು. ಅಚ್ಚುಗಳು ತಿರುಚಿಕೊಂಡು, ಟೈರು ಥಟ್ಟನೆ ಜಾರಿ, ಮತ್ತೆ ಹಿಡಿದು, ಮತ್ತೆ ಜಾರುತ್ತದೆ. ಆ ನಡುಕ ಇದೇ. ಹೀಗೆಯೇ ಓಡಿಸಿದರೆ ಟೈರು ಸವೆದು, ಕೊನೆಗೆ ಅಚ್ಚೇ ಮುರಿದೀತು.

ಬಲ್ಲ ಮೇಸ್ತ್ರಿ ಪಾನಾ ಎತ್ತುವ ಮುನ್ನ ಚಾಲಕನನ್ನು ಹೀಗೆ ಕೇಳುತ್ತಾನೆ:

"ನಿನ್ನಿ ಗಾಡಿ ಎಲ್ಲ್ಯಾರ ಸಿಕ್ಕಿತ್ತೇನಪಾ?"

"ಹೌದ್ರೀ ಅಣ್ಣಾರ, ಗದ್ದ್ಯಾಗ ಸಿಕ್ಕಿತ್ತು. ಲಾಕ್ ಹಾಕಿ ತಗದೇನ್ರೀ."

ಅರ್ಧ ರೋಗ ಅಲ್ಲಿಗೇ ತಿಳಿಯಿತು. ಲಾಕ್ ತೆಗೆದು, ಚಕ್ರ ನೇರವಿಟ್ಟು ತುಸು ಹಿಂದೆ ಮುಂದೆ ನಡೆಸಿದರೆ ಬಿಗಿದದ್ದು ಸಾಮಾನ್ಯವಾಗಿ ಸಡಿಲುತ್ತದೆ.

ನಡುಕ ನಿಲ್ಲದಿದ್ದರೆ ಪರೀಕ್ಷೆ ಮುಂದುವರಿಯಬೇಕು. ಮುಂದಿನ ಚಕ್ರಗಳಿಗೆ ಅಡ್ಡಗಲ್ಲಿಟ್ಟು, ಹಿಂದಿನ ಅಚ್ಚನ್ನು ಎತ್ತಿ ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ನಿಲ್ಲಿಸಿ, ಗೇರಿನಲ್ಲಿಟ್ಟು, ಕೈಬ್ರೇಕು ಬಿಟ್ಟು ಒಂದು ಚಕ್ರವನ್ನು ಕೈಯಿಂದ ತಿರುಗಿಸಬೇಕು. ಇನ್ನೊಂದು ವಿರುದ್ಧ ದಿಕ್ಕಿಗೆ ಸುತ್ತಿದರೆ ಲಾಕ್ ಬಿಟ್ಟಿದೆ. ಎರಡೂ ಕದಲದಿದ್ದರೆ ಒಳಗೆ ಏನೋ ಬಿಗಿದಿದೆ. ಕದಲುವಾಗ ಕರಕರ ಸದ್ದಾದರೆ ಹಲ್ಲು, ಬೇರಿಂಗುಗಳನ್ನು ಬಿಚ್ಚಿ ನೋಡಬೇಕು. ನಡುಕ ಸ್ಟೇರಿಂಗಿನಲ್ಲಿ ಕೈಗೆ ತಾಗಿದರೆ ಕಿಂಗ್‌ಪಿನ್ನು, ಪವರ್ ಸ್ಟೇರಿಂಗಿನ ಎಣ್ಣೆಯನ್ನು ಶಂಕಿಸಬೇಕು. ನೇರ ಹೊರಡುವಾಗಲೂ ಲಾರಿ ಅದುರಿದರೆ ದೋಷ ಕ್ಲಚ್ಚಿನದಿರಬಹುದು.

ಸಾವಿರಾರು ರೂಪಾಯಿಯ ಭಾಗಗಳನ್ನು ಬದಲಿಸುವ ಮುನ್ನ ಒಂದು ಪ್ರಶ್ನೆಯನ್ನು ಸಮಾಧಾನದಿಂದ ಕೇಳುವುದು ಅಗ್ಗ. ಆದರೆ ಚಾಲಕನು ನಿಜ ಹೇಳಬೇಕಾದರೆ, ನಿಜ ಹೇಳಿದವನ ಸಂಬಳ ಮುರಿಯುವುದಿಲ್ಲವೆಂಬ ಭರವಸೆ ಅವನಿಗಿರಬೇಕು. ಆ ಭರವಸೆಯನ್ನು ಕೊಡುವ ಕೆಲಸ ಮೇಸ್ತ್ರಿಯದಲ್ಲ, ಮಾಲೀಕರದು.