ಸಾದಾ ನೀರಿನ ಸಂಕೋಚ

ಬಸವಕಲ್ಯಾಣದ ಕೋಟೆ ಹತ್ತಿ ಇಳಿದು, ಪರುಷಕಟ್ಟೆ ನೋಡಿ, 108 ಅಡಿ ಎತ್ತರದ ಬಸವಣ್ಣನ ಮೂರ್ತಿಯನ್ನು ಕತ್ತೆತ್ತಿ ನೋಡಿ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿರುತ್ತದೆ. ಬೀದರ್ ಜಿಲ್ಲೆಯ ಬೇಸಿಗೆ ಎಂದರೆ 40 ಡಿಗ್ರಿಯ ಆಸುಪಾಸು. ಅಲ್ಲಿಂದ ಹೆದ್ದಾರಿ ಹಿಡಿದು ಹುಮನಾಬಾದ್ ಕಡೆ ಹೊರಟರೆ ದಾರಿಯುದ್ದಕ್ಕೂ ಹೋಟೆಲು, ಖಾನಾವಳಿ, ಧಾಬಾ. ಹಿಂದಿನ ಸೀಟಿನಲ್ಲಿ ಮಕ್ಕಳು ಹಸಿವು ಎನ್ನುತ್ತಾರೆ, ಅಜ್ಜಿ ನೀರಡಿಕೆ ಎನ್ನುತ್ತಾರೆ. ಗಾಡಿ ನಿಲ್ಲುತ್ತದೆ. ಎಲ್ಲರೂ ಕೈ ತೊಳೆದು ಕುರ್ಚಿ ಎಳೆದು ಕೂರುತ್ತಾರೆ. ಮೆನು ಕಾರ್ಡ್ ಬರುವ ಮೊದಲೇ ಪ್ರಶ್ನೆ ಬರುತ್ತದೆ:

“ನೀರು ಬಾಟಲಿ ತರ್ಲೇನ್ರಿ, ಸಾದಾ ತರ್ಲೇನ್ರಿ?”

ಕೇಳಿದ ಹುಡುಗನದೇನೂ ತಪ್ಪಿಲ್ಲ. ಹಾಗೆ ಕೇಳು ಎಂದು ಅವನಿಗೆ ಹೇಳಿಕೊಟ್ಟಿರುತ್ತಾರೆ. ಆದರೆ ಆ ಒಂದು ಪ್ರಶ್ನೆಗೆ ಮೇಜಿನ ಸುತ್ತ ಏನಾಗುತ್ತದೆ ಎಂದು ನೀವೂ ಗಮನಿಸಿರುತ್ತೀರಿ. ಅಪ್ಪ ಅಮ್ಮನ ಮುಖ ನೋಡುತ್ತಾರೆ. ಅಮ್ಮ ಪಕ್ಕದ ಮೇಜು ನೋಡುತ್ತಾರೆ. ಅಲ್ಲಿ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. “ಸಾದಾ” ಎನ್ನುವ ಮಾತು ಗಂಟಲಲ್ಲೇ ಉಳಿದು, “ಬಾಟಲೀನೇ ಕೊಡ್ರಿ” ಎಂಬುದು ಹೊರಗೆ ಬರುತ್ತದೆ. ಐದು ಜನರ ಊಟ ಮುಗಿಯುವಷ್ಟರಲ್ಲಿ ಮೂರು ಬಾಟಲಿ ಖಾಲಿ, ನಾಲ್ಕನೆಯದು ಅರ್ಧ. ಬಿಲ್ಲಿನಲ್ಲಿ ನೀರಿನ ಸಾಲು ರೊಟ್ಟಿಯ ಸಾಲಿಗೆ ಪೈಪೋಟಿ ಕೊಡುತ್ತಿರುತ್ತದೆ.

ನೀರಿನ ಪ್ರಶ್ನೆ ದಾಟಿದರೆ ಮುಂದಿನದು “ಥಂಡಾ ಏನ್ ತರ್ಲ್ರಿ?” ಥಂಡಾ ಎಂದರೆ ಇಲ್ಲಿ ತಂಪಾಗಿ ಕುಡಿಯುವ ಯಾವುದೂ ಆಗಬಹುದು. ಏನಿದೆ ಎಂದು ಕೇಳಿದರೆ ಅವನು ಒಂದೇ ಉಸಿರಿನಲ್ಲಿ ಹತ್ತು ಹೆಸರು ಹೇಳುತ್ತಾನೆ. ಕೇಳಿದ್ದು ನೆನಪಿಟ್ಟುಕೊಂಡು ಒಂದು ಆರಿಸಿದರೆ, “ಅದ ಖಾಲಿ ಆಗ್ಯಾದ್ರಿ” ಎಂಬ ಉತ್ತರ. ನಿಂಬೆ ಸೋಡಾ ಹೇಳಿದರೆ ಉಪ್ಪೋ ಸಿಹಿಯೋ ಎಂದು ಕೇಳುತ್ತಾರೆ. ಎರಡು ಉಪ್ಪು, ಒಂದು ಸಿಹಿ ಎಂದು ಬಿಡಿಸಿ ಹೇಳಿದರೂ ಬರುವುದು ಎರಡು ಸಿಹಿ, ಒಂದು ಉಪ್ಪು. ಸಕ್ಕರೆ ಕಾಯಿಲೆಯ ಅಜ್ಜನ ಮುಂದೆ ಸರಿಯಾಗಿ ಸಿಹಿಯದೇ ಬಂದು ಕೂತಿರುತ್ತದೆ.

ಈ ಹೆದ್ದಾರಿಗೆ ಭಾಷೆಯ ತಮಾಷೆಯೂ ಇದೆ. ಪುಣೆ, ಸೊಲ್ಲಾಪುರದಿಂದ ಬಂದವರು ‘ತಾಕ್’ ಕೇಳುತ್ತಾರೆ, ಹೈದರಾಬಾದಿನಿಂದ ಬಂದವರು ‘ಮಜ್ಜಿಗ’ ಎನ್ನುತ್ತಾರೆ, ಉತ್ತರದ ಲಾರಿಯವರು ‘ಛಾಸ್’ ಎನ್ನುತ್ತಾರೆ, ನಾವು ‘ಮಜ್ಜಿಗೆ’ ಎನ್ನುತ್ತೇವೆ. ನಾಲ್ಕೂ ಒಂದೇ ಪಾತ್ರೆಯಿಂದ ಬರುತ್ತವೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ನಾಲ್ಕು ಭಾಷೆಯ ಆರ್ಡರನ್ನು ಒಂದೇ ಭಾಷೆಗೆ ಇಳಿಸುವ ಆ ಹುಡುಗನನ್ನು ಮೆಚ್ಚಲೇಬೇಕು.

ಎಲ್ಲಕ್ಕಿಂತ ದೊಡ್ಡ ತಕರಾರು ಹೊತ್ತಿನದು. ಮಕ್ಕಳ ತಂಪು ಪಾನೀಯ ಎಲ್ಲಕ್ಕಿಂತ ಮೊದಲು ಬರುತ್ತದೆ. ಫ್ರಿಜ್ಜಿನಿಂದ ತೆಗೆದು ಕೊಡುವುದಷ್ಟೇ ತಾನೆ? ರೊಟ್ಟಿ ಬರುವ ಹೊತ್ತಿಗೆ ಮಕ್ಕಳ ಹೊಟ್ಟೆಯಲ್ಲಿ ಗಾಳಿ ಮತ್ತು ಸಕ್ಕರೆ ತುಂಬಿ, “ನನಗ ಊಟ ಸಾಕು” ಎಂಬ ಘೋಷಣೆ. ಇಂಥ ಪಾನೀಯಗಳಲ್ಲಿ ಸಾಮಾನ್ಯವಾಗಿ 100 ಮಿಲಿಲೀಟರಿಗೆ 10ರಿಂದ 11 ಗ್ರಾಂ ಸಕ್ಕರೆ ಇರುತ್ತದೆ. 250 ಮಿಲಿಯ ಬಾಟಲಿ ಎಂದರೆ ಹೆಚ್ಚುಕಡಿಮೆ ಆರು ಚಿಕ್ಕ ಚಮಚ. ಮನೆಯಲ್ಲಿ ಮಗುವಿನ ಒಂದು ಲೋಟ ಹಾಲಿಗೆ ಆರು ಚಮಚ ಸಕ್ಕರೆ ಹಾಕುವ ತಾಯಿ ಯಾರಿದ್ದಾರೆ ಹೇಳಿ?

ಮಜ್ಜಿಗೆಯ ಕಥೆ ಇದಕ್ಕೆ ತದ್ವಿರುದ್ಧ. ಊಟದ ಜೊತೆ ಬೇಕು ಎಂದು ಹೇಳಿದ್ದು ಬರುವುದು ಕೈ ತೊಳೆದ ಮೇಲೆ. ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೊಂದಿಷ್ಟು ಕೆಂಪು ಖಾರದ ಚಟ್ನಿ ತಿಂದು ಕಿವಿಯಲ್ಲಿ ಹೊಗೆ ಬರುತ್ತಿರುವಾಗ ಬೇಕಾದದ್ದು ಅದೇ. ಮಕ್ಕಳೇ, ಇದರಲ್ಲಿ ಒಂದು ಸಣ್ಣ ವಿಜ್ಞಾನವಿದೆ. ಮೆಣಸಿನಕಾಯಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಎಂಬ ವಸ್ತು. ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಆದ್ದರಿಂದ ನೀರು ಕುಡಿದರೆ ಖಾರ ಬಾಯಿ ತುಂಬ ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಹಾಲು, ಮೊಸರು, ಮಜ್ಜಿಗೆಯಲ್ಲಿರುವ ಕೇಸಿನ್ ಎಂಬ ಪ್ರೋಟೀನು ಆ ವಸ್ತುವನ್ನು ಹಿಡಿದು ನಾಲಿಗೆಯಿಂದ ಸರಿಸುತ್ತದೆ. ಖಾರದ ಊಟಕ್ಕೆ ಮಜ್ಜಿಗೆ ಜೊತೆ ಮಾಡಿದ ಹಿರಿಯರು ಕೇಸಿನ್ ಹೆಸರು ಕೇಳಿರಲಿಲ್ಲ, ನಾಲಿಗೆಯ ಮಾತು ಕೇಳಿದ್ದರು.

ಊಟದ ಜೊತೆ ಏನು ಕುಡಿಯಬೇಕು ಎಂಬುದು ಕ್ಷುಲ್ಲಕ ವಿಷಯ ಎಂದು ಯಾರಾದರೂ ನಕ್ಕರೆ ಅವರಿಗೆ ಬಸವಕಲ್ಯಾಣದ ಹಳೆಯ ದೊರೆಯ ಹೆಸರು ಹೇಳಿ. ಈ ಊರು ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದಾಗ ಇಲ್ಲಿ ಆಳಿದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ‘ಮಾನಸೋಲ್ಲಾಸ’ ಎಂಬ ದೊಡ್ಡ ಸಂಸ್ಕೃತ ಗ್ರಂಥ ಬರೆದ. 100 ಅಧ್ಯಾಯಗಳ ಆ ಪುಸ್ತಕದಲ್ಲಿ ರಾಜ್ಯಭಾರ, ಆನೆ, ಕುದುರೆ, ಸಂಗೀತ, ಆಟಗಳ ಜೊತೆಗೆ ಊಟಕ್ಕೆ ‘ಅನ್ನಭೋಗ’ ಎಂಬ ಭಾಗವಿದೆ, ಕುಡಿಯುವುದಕ್ಕೆ ‘ಪಾನೀಯಭೋಗ’ ಎಂಬ ಪ್ರತ್ಯೇಕ ಭಾಗವಿದೆ. ಯಾವ ಯಾವ ಬಗೆಯ ನೀರು ಉಂಟು, ಅದಕ್ಕೆ ಪರಿಮಳ ಹೇಗೆ ಕೂಡಿಸಬೇಕು ಎಂದೆಲ್ಲ ದೊರೆ ಕೂತು ಬರೆದಿದ್ದಾನೆ. ಒಂಬತ್ತು ಶತಮಾನದ ಹಿಂದೆ ಇದೇ ನೆಲದಲ್ಲಿ ಒಬ್ಬ ರಾಜ ನೀರಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡಿದ್ದಾನೆ ಎಂದ ಮೇಲೆ ನಾವು ಒಂದು ಲೋಟ ಮಜ್ಜಿಗೆಗಾಗಿ ಗೊಣಗುವುದರಲ್ಲಿ ತಪ್ಪೇನಿದೆ?

ಸೋಮೇಶ್ವರನ ಬಳಿಕ ಸ್ವಲ್ಪ ಕಾಲಕ್ಕೆ ಇದೇ ಕಲ್ಯಾಣದಲ್ಲಿ ಬಸವಣ್ಣನವರು ಮತ್ತು ಶರಣರು ದಾಸೋಹದ ಮಾತಾಡಿದರು. ಹಂಚಿ ಉಣ್ಣುವುದು, ಬಂದವರ ಕುಲ ಕೇಳದೆ ಕೂಡಿಸಿಕೊಳ್ಳುವುದು ಅದರ ಜೀವಾಳ. ಇಂದಿಗೂ ಬೇಸಿಗೆ ಬಂದರೆ ಈ ಭಾಗದ ಊರುಗಳಲ್ಲಿ ಬಸ್ ನಿಲ್ದಾಣದ ಹತ್ತಿರ, ಅಂಗಡಿಗಳ ಮುಂದೆ ಅರವಟಿಗೆಗಳು ಏಳುತ್ತವೆ. ಮಣ್ಣಿನ ಹರವಿಗೆ ಒದ್ದೆ ಬಟ್ಟೆ ಸುತ್ತಿ, ಮೇಲೆ ತಟ್ಟೆ ಮುಚ್ಚಿ, ಒಂದು ಲೋಟ ಇಟ್ಟಿರುತ್ತಾರೆ. ಅಲ್ಲಿ ಬಾಟಲಿಯೋ ಸಾದಾವೋ ಎಂದು ಯಾರೂ ಕೇಳುವುದಿಲ್ಲ.

ಹೋಟೆಲಿನ ನೀರಿಗೆ ಒಂದು ಕಹಿ ಚರಿತ್ರೆಯೂ ಉಂಟು. ಕೆಲವರಿಗೆ ಒಳಗೆ ಲೋಟ, ಕೆಲವರಿಗೆ ಹೊರಗೆ ಬೇರೆಯದೇ ಲೋಟ ಇಡುತ್ತಿದ್ದ ಕಾಲವನ್ನು ನೋಡಿದವರು ನಮ್ಮ ನಡುವೆ ಇದ್ದಾರೆ. ಅದನ್ನು ಅಳಿಸಲೆಂದೇ ನಮ್ಮ ಸಂವಿಧಾನದ 15ನೇ ವಿಧಿಯ ಎರಡನೆಯ ಉಪವಿಧಿಯಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳ ಹೆಸರನ್ನೂ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರನ್ನೂ ಬರೆದಿದ್ದಾರೆ. ಜಾತಿ, ಧರ್ಮದ ಕಾರಣಕ್ಕೆ ಯಾರನ್ನೂ ಅಲ್ಲಿಂದ ದೂರ ಇಡುವಂತಿಲ್ಲ. ಹೋಟೆಲು ಮತ್ತು ಬಾವಿ ಒಂದೇ ಕಡೆ ಬಂದಿರುವುದು ಸುಮ್ಮನೆ ಅಲ್ಲ. ಊಟದ ಮನೆಯಲ್ಲಿ ಮನುಷ್ಯನಿಗೆ ಸಿಗುವ ಮೊದಲ ಗೌರವ ಒಂದು ಲೋಟ ನೀರು.

ಆ ಅನ್ಯಾಯವೂ ಇಂದಿನ ಬಾಟಲಿಯ ಪ್ರಶ್ನೆಯೂ ಒಂದೇ ಎಂದು ಖಂಡಿತ ಹೇಳುತ್ತಿಲ್ಲ. ಆದರೆ “ಸಾದಾ” ಎನ್ನಲು ನಾಚುವ ಅಪ್ಪನನ್ನು ಮಕ್ಕಳು ನೋಡುತ್ತಿರುತ್ತಾರೆ. ದುಡ್ಡಿದ್ದವರ ನೀರು ಬೇರೆ, ಇಲ್ಲದವರ ನೀರು ಬೇರೆ ಎಂಬ ಪಾಠವನ್ನು ಅವರು ಯಾರೂ ಹೇಳಿಕೊಡದೆ ಕಲಿಯುತ್ತಾರೆ. ನನ್ನ ಚಿಂತೆ ಇಪ್ಪತ್ತು ರೂಪಾಯಿಯದಲ್ಲ, ಈ ಪಾಠದ್ದು.

ಹಾಗೆಂದು ಅಮ್ಮಂದಿರ ಹೆದರಿಕೆ ಸುಳ್ಳಲ್ಲ. ಪ್ರವಾಸದಲ್ಲಿ ಮಗುವಿಗೆ ಹೊಟ್ಟೆ ಕೆಟ್ಟರೆ ಅನುಭವಿಸುವವರು ಅವರೇ. ಜಗ್ಗಿನ ತಳದಲ್ಲಿ ಪಾಚಿ ಕಂಡ ಮೇಲೂ ಅದೇ ನೀರು ಕುಡಿಯಿರಿ ಎಂದು ಯಾರೂ ಹೇಳಲಾರರು. ಆಗ ಬಾಟಲಿ ಕೊಳ್ಳುವುದೇ ಜಾಣತನ. ನಾಚಿಕೆಯಿಂದ ಕೊಳ್ಳುವುದು ಬೇರೆ, ನೋಡಿ ತಿಳಿದು ಕೊಳ್ಳುವುದು ಬೇರೆ. “ಕುಡಿಯೋ ನೀರು ಫಿಲ್ಟರಿಂದ ಏನ್ರಿ?” ಎಂದು ಕೇಳಿ. ಜಗ್ಗಿಗೆ ಮುಚ್ಚಳ ಇದೆಯೇ, ಲೋಟ ತೊಳೆದಿದ್ದಾರೆಯೇ ನೋಡಿ. ಐಸ್ ಬಗ್ಗೆ ಇನ್ನೂ ಎಚ್ಚರ ಬೇಕು. ಆಹಾರಕ್ಕೆ ತಾಗುವ ಐಸನ್ನು ಕುಡಿಯಲು ಯೋಗ್ಯವಾದ ನೀರಿನಿಂದಲೇ ಮಾಡಬೇಕು ಎಂಬ ನಿಯಮ ಆಹಾರ ಸುರಕ್ಷತಾ ಕಾನೂನಿನಲ್ಲೇ ಇದೆ. ಬಾಟಲಿ ನೀರಿಗೆ ಹಣ ಕೊಟ್ಟು, ಅದೇ ಊಟದಲ್ಲಿ ಎಲ್ಲಿಯದೋ ಐಸ್ ಹಾಕಿದ ಸೋಡಾ ಕುಡಿದರೆ ಹೆದರಿಕೆಯೂ ದಂಡ, ಹಣವೂ ದಂಡ.

ಬಾಟಲಿ ಕೊಳ್ಳುವುದಾದರೆ ಒಂದೆರಡು ಸಂಗತಿ ತಿಳಿದಿರಲಿ. ನಾವು ‘ಬಿಸ್ಲೇರಿ’ ಎಂದು ಕೇಳುತ್ತೇವೆ, ಅವರು ಬೇರಾವುದೋ ಹೆಸರಿನ ಬಾಟಲಿ ತಂದಿಡುತ್ತಾರೆ. ಹೆಸರು ಓದಿ, ಸೀಲ್ ನೋಡಿ, ತಯಾರಾದ ದಿನಾಂಕ ನೋಡಿ, ಆಮೇಲೆ ಮುಚ್ಚಳ ತೆಗೆಯಿರಿ. ‘ಮಿನರಲ್ ವಾಟರ್’ ಎಂದು ನಾವು ಕರೆಯುವ ಬಹುಪಾಲು ಬಾಟಲಿಗಳಲ್ಲಿ ಇರುವುದು ಶುದ್ಧೀಕರಿಸಿ ತುಂಬಿದ ಕುಡಿಯುವ ನೀರು. ನಿಸರ್ಗದ ಚಿಲುಮೆಯಿಂದಲೇ ತುಂಬುವ ಮಿನರಲ್ ನೀರು ಬೇರೆ, ಅದರ ಬೆಲೆಯೂ ಬೇರೆ.

ಬೆಲೆಯ ಜಗಳಕ್ಕೆ ಬಂದರೆ, ಬಾಟಲಿಯ ಮೇಲೆ ಇಪ್ಪತ್ತು ಎಂದು ಅಚ್ಚಾಗಿದ್ದರೂ ಬಿಲ್ಲಿನಲ್ಲಿ ಹೆಚ್ಚು ಹಾಕಿದ್ದಾರೆ ಎಂದು ಕೌಂಟರಿನಲ್ಲಿ ಕೂಗಾಡುವವರನ್ನು ನೋಡಿದ್ದೇವೆ. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ತೀರ್ಪು ಕೊಟ್ಟಿದೆ. ಹೋಟೆಲು, ರೆಸ್ಟೋರೆಂಟುಗಳಲ್ಲಿ ಕೂತು ಕುಡಿಯುವಾಗ ಅದು ಬರೀ ಬಾಟಲಿಯ ಮಾರಾಟವಲ್ಲ, ಜಾಗ ಮತ್ತು ಸೇವೆಯೂ ಸೇರಿದೆ, ಆದ್ದರಿಂದ ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳಬಹುದು ಎಂಬುದು ಅದರ ಸಾರ. ಅಂಗಡಿಯಲ್ಲಿ ಕೊಂಡು ಹೋಗುವಾಗ ಮಾತ್ರ ಅಚ್ಚಾದ ಬೆಲೆ ಮೀರುವಂತಿಲ್ಲ. ಆದ್ದರಿಂದ ಜಗಳಕ್ಕಿಂತ ಮೊದಲೇ ಮೆನುವಿನಲ್ಲಿ ಬೆಲೆ ನೋಡುವುದು ಒಳ್ಳೆಯದು.

ಸೇವಾ ಶುಲ್ಕದ ಮಾತು ಬೇರೆ. ಗ್ರಾಹಕರನ್ನು ಕೇಳದೆ ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅನ್ಯಾಯವಾಯಿತು ಎನಿಸಿದರೆ 1915 ಗ್ರಾಹಕ ಸಹಾಯವಾಣಿಯ ಸಂಖ್ಯೆ. ಆದರೆ ನಾಲ್ಕು ಭಾಷೆಯಲ್ಲಿ ಓಡಾಡಿ ನೀರು ತಂದ ಹುಡುಗನ ಕೈಗೆ ನಾಲ್ಕು ಕಾಸು ಕೊಡುವುದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಹೋಟೆಲಿನವರ ಕಷ್ಟವನ್ನೂ ಮರೆಯಬಾರದು. ನೀರಿಗೆ ಟ್ಯಾಂಕರ್ ತರಿಸುವವರಿದ್ದಾರೆ, 20 ಲೀಟರಿನ ಕ್ಯಾನಿಗೆ ಹಣ ಕೊಡುವವರಿದ್ದಾರೆ. ಕೂತ ತಕ್ಷಣ ಕೇಳದೆಯೇ ತುಂಬಿದ ಜಗ್ ತಂದಿಡುವ ಸಣ್ಣ ಖಾನಾವಳಿಗಳು ಇನ್ನೂ ಇವೆ. ಅಂಥ ಕಡೆ ಲೋಟ ತುಂಬಿಸಿಕೊಂಡು ಅರ್ಧ ಬಿಟ್ಟು ಏಳಬೇಡಿ. ಬಿಸಿಲ ನಾಡಿನಲ್ಲಿ ಎಂಜಲು ನೀರು ಚೆಲ್ಲುವುದು ಎಂಜಲು ಅನ್ನ ಚೆಲ್ಲಿದಷ್ಟೇ ತಪ್ಪು.

ಮಕ್ಕಳೇ, ಇನ್ನು ನಿಮಗೊಂದು ಕೆಲಸ. ಮುಂದಿನ ಸಲ ಮನೆಯವರ ಜೊತೆ ಹೋಟೆಲಿಗೆ ಹೋದಾಗ ಕುಡಿಯುವುದರ ಆರ್ಡರ್ ನೀವು ಕೊಡಿ. ಮೊದಲು ಯಾರಿಗೆ ಏನು ಬೇಕು ಎಂದು ಎಲ್ಲರನ್ನೂ ಕೇಳಿ, ಅಜ್ಜ ಅಜ್ಜಿಯಿಂದ ಶುರುಮಾಡಿ. ನಂತರ ಬಂದವರಿಗೆ “ಅಣ್ಣಾ” ಎಂದು ಕರೆದು ನಿಧಾನವಾಗಿ ಹೇಳಿ: ಮಜ್ಜಿಗೆ ಇಷ್ಟು, ಊಟದ ಜೊತೆಗೇ ಬೇಕು, ನಿಂಬೆ ಸೋಡಾ ಇಷ್ಟು, ಉಪ್ಪಿನದು, ಐಸ್ ಬೇಡ. ಅವರಿಂದ ಒಮ್ಮೆ ತಿರುಗಿ ಹೇಳಿಸಿ. ನಿಮಗೆ ತಂಪು ಪಾನೀಯ ಬೇಕೇಬೇಕಾದರೆ ಒಂದನ್ನು ಇಬ್ಬರು ಹಂಚಿಕೊಂಡು, ಊಟ ಮುಗಿದ ಮೇಲೆ ಕುಡಿಯಿರಿ.

ನೀರಿನ ಪ್ರಶ್ನೆ ಬಂದಾಗ ಜಗ್ ಶುಚಿಯಾಗಿದ್ದರೆ, ಪಕ್ಕದ ಮೇಜಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿ: “ಅಣ್ಣಾ, ನಮಗ ಸಾದಾ ನೀರ ಕೊಡ್ರಿ.” ಒಬ್ಬರು ಹೀಗೆ ಹೇಳಿದರೆ ಪಕ್ಕದ ಮೇಜಿನ ಅಪ್ಪನಿಗೂ ಧೈರ್ಯ ಬರುತ್ತದೆ.