“ಓದಲು ಕಳಿಸಿದ್ದು, ಈಜಲು ಅಲ್ಲ” ಎನ್ನುವವರಿಗೆ



2024ರ ಜುಲೈಯಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ, ಮಿಲ್ಲಾ ಮಿಲ್ಲಾ ಎಂಬ ಜಲಪಾತದಲ್ಲಿ ಆಂಧ್ರ ಮೂಲದ ಇಬ್ಬರು ತರುಣರು ಮುಳುಗಿ ತೀರಿಕೊಂಡರು. ಒಬ್ಬ ಅಪಾಯಕ್ಕೆ ಸಿಕ್ಕಿದಾಗ ಇನ್ನೊಬ್ಬ ಅವನನ್ನು ಎಳೆಯಲು ಹೋದ ಎಂದು ಸುದ್ದಿಯಲ್ಲಿತ್ತು. ಅದೇ ವರ್ಷದ ಎಪ್ರಿಲ್‌ನಲ್ಲಿ ಸ್ಕಾಟ್ಲೆಂಡಿನ ಒಂದು ಜಲಪಾತದಲ್ಲೂ ಆಂಧ್ರದವರೇ ಇಬ್ಬರು ವಿದ್ಯಾರ್ಥಿಗಳು ಹೀಗೆಯೇ ಹೋಗಿದ್ದರು. ಈ ಸುದ್ದಿ ನಮ್ಮ ವಾಳೆಯ ವಾಟ್ಸಪ್ ಗ್ರೂಪಿಗೆ ಬಂದಾಗ ಮೊದಲು ಏಳೆಂಟು ಕೈಮುಗಿದ ಚಿತ್ರ ಬಂತು. ಆಮೇಲೆ ಒಬ್ಬರು ಬರೆದರು: “ಇವರನ್ನು ಓದಲು ಕಳಿಸಿದ್ದೋ, ಫಾಲ್ಸ್‌ನಲ್ಲಿ ಈಜಲೋ?” ಅದಕ್ಕೆ ಹದಿನಾಲ್ಕು ಜನ ಹೆಬ್ಬೆಟ್ಟು ಒತ್ತಿದರು.

ನಾನು ಆ ಹೊತ್ತಿಗೆ ಕೇರ್ನ್ಸ್ ಪಟ್ಟಣದಲ್ಲಿದ್ದೆ. ಸುದ್ದಿ ಬರುವ ಮೂರು ತಿಂಗಳ ಮೊದಲು ಅದೇ ಜಲಪಾತದ ನೀರಿಗೆ ಇಳಿದಿದ್ದೆ. ಆ ಹೆಬ್ಬೆಟ್ಟುಗಳು ನನಗೂ ಬಿದ್ದ ಹಾಗೆ ಅನಿಸಿತು. ಹಾಗಾಗಿ ಬರೆಯುತ್ತಿದ್ದೇನೆ.

ಮಿಲ್ಲಾ ಮಿಲ್ಲಾ ನೋಡಲು ಸಾಧು ಜಾಗ. ಸುಮಾರು 18 ಮೀಟರ್ ಎತ್ತರದಿಂದ ನೀರು ಪರದೆಯ ಹಾಗೆ ಬೀಳುತ್ತದೆ, ಸುತ್ತ ಮಳೆಕಾಡು, ಎದುರಿಗೆ ಹುಲ್ಲು. ಬೆಟ್ಟ ಹತ್ತಬೇಕಿಲ್ಲ, ಕಾರಿನಿಂದ ಇಳಿದರೆ ಆಯಿತು. ನಾನು ಮೊಣಕಾಲಿನ ತನಕ ಇಳಿದು ನಿಂತೆ. ನನ್ನ ಪಕ್ಕದಿಂದ ಐದಾರು ವರ್ಷದ ಒಂದು ಹುಡುಗಿ ಕಪ್ಪೆಯ ಹಾಗೆ ಈಜಿಕೊಂಡು ಹೋಯಿತು, ಅದರ ಅಮ್ಮ ಹಿಂದೆಯೇ. ನಾನೋ ಶಿರಿಯಾ ಹೊಳೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ ಹುಟ್ಟಿದವನು, ಬಿಎಸ್ಸಿ ಪಾಸು, ಈಜು ಸೊನ್ನೆ. ಜೊತೆಗಿದ್ದ ಮಲಯಾಳಿ ಗೆಳೆಯ “ವಾ ಮಾರಾಯ, ಎಂತ ಆಗುದಿಲ್ಲ” ಎಂದು ನನ್ನ ಕನ್ನಡದಲ್ಲೇ ಕರೆದ. ಹೋಗಲಿಲ್ಲ. ವಿವೇಕದಿಂದ ಅಲ್ಲ, ನೀರು ಚಳಿ ಇತ್ತು, ಅಷ್ಟೇ.

ಈಗ ಗ್ರೂಪಿನ ಮಾತಿಗೆ ಬರೋಣ. ವಾರಕ್ಕೆ ಐದು ದಿನ ಕ್ಲಾಸು, ರಾತ್ರಿ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ, ಊರಿನ ಸಾಲದ ಕಂತು. ಇದರ ನಡುವೆ ಸಿಕ್ಕಿದ ಒಂದು ರಜೆಯಲ್ಲಿ ಟಿಕೆಟಿಲ್ಲದ ಜಾಗ ನೋಡಲು ಹೋದದ್ದು ಮೋಜು ಅಲ್ಲ, ಉಸಿರು. ಲೂಕನ ಸುವಾರ್ತೆಯ 13ನೇ ಅಧ್ಯಾಯ ನಮಗೆಲ್ಲ ಗೊತ್ತು. ಸಿಲೋವಾಮಿನ ಗೋಪುರ ಕುಸಿದು 18 ಮಂದಿ ಸತ್ತಾಗ, ಅವರು ಉಳಿದವರಿಗಿಂತ ದೊಡ್ಡ ತಪ್ಪಿತಸ್ಥರೆಂಬ ಎಣಿಕೆಯನ್ನು ಯೇಸು ಒಪ್ಪಲಿಲ್ಲ. ಪ್ರತಿ ಸಲ ಅದನ್ನು ಕೇಳಿ ಮನೆಗೆ ಬಂದು, ಮುಳುಗಿದ ಹುಡುಗರ ಮೇಲೆ ಅದೇ ಲೆಕ್ಕ ಹಾಕುತ್ತೇವೆ.

“ದೇವರ ಚಿತ್ತ” ಎನ್ನುವವರ ಜೊತೆಗೂ ನನ್ನ ಜಗಳ ಇದೆ. ಬೀಳುವ ನೀರಿನ ಬುಡದಲ್ಲಿ ಬೆಳ್ಳಗೆ ನೊರೆ ಕಾಣುತ್ತದಲ್ಲ, ಅದು ನೀರು ಮತ್ತು ಗಾಳಿ. ಮನುಷ್ಯನ ದೇಹ ಸಿಹಿನೀರಿಗಿಂತ ಕೂದಲೆಳೆಯಷ್ಟು ಮಾತ್ರ ಹಗುರ. ಆ ನೀರಿನಲ್ಲಿ ಹತ್ತನೆಯ ಒಂದು ಪಾಲು ಗಾಳಿ ಸೇರಿದರೂ ಸಾಕು, ತೇಲುವ ದೇಹ ತಳಕ್ಕೆ ಇಳಿಯುತ್ತದೆ. ಬಿದ್ದ ನೀರು ಅಡಿಯಿಂದ ಹೊರಗೆ ಹೋಗಿ ಮೇಲಿನಿಂದ ಮತ್ತೆ ಬಂಡೆಯ ಕಡೆಗೇ ತಿರುಗುವುದರಿಂದ ಈಜುಗಾರನನ್ನೂ ಒಳಕ್ಕೆ ಎಳೆಯುತ್ತದೆ. ಜುಲೈ ಅಲ್ಲಿ ಚಳಿಗಾಲ; ತಣ್ಣೀರಿಗೆ ಒಮ್ಮೆಲೇ ಬಿದ್ದರೆ ಬೇಡವೆಂದರೂ ಬಾಯಿ ತೆರೆದು ಉಸಿರು ಎಳೆಯುತ್ತೇವೆ. ಇದು ಆರ್ಕಿಮಿಡೀಸ್. ಪ್ಲಸ್ ಟೂ ಪುಸ್ತಕದಲ್ಲಿದೆ, ಹತ್ತು ಮಾರ್ಕಿಗೆ ಬರೆದಿದ್ದೇವೆ.

ಕೇರ್ನ್ಸ್‌ನಿಂದ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರ್ ಹೋದರೆ ಬಬಿಂಡಾ. ವರ್ಷಕ್ಕೆ 4,000 ಮಿಲಿಮೀಟರ್ ಮೀರಿ ಮಳೆ, ಥೇಟ್ ನಮ್ಮ ಆಷಾಢ. ಅಲ್ಲಿ ಬಂಡೆಗಳ ನಡುವೆ ತೊರೆ ಹರಿಯುತ್ತದೆ. ಮೇಲಿನ ಗುಂಡಿಯಲ್ಲಿ ಈಜಬಹುದು, ಮಕ್ಕಳೂ ಇರುತ್ತಾರೆ. ಸ್ವಲ್ಪ ಕೆಳಗೆ “ಸೈತಾನನ ಗುಂಡಿ” ಎಂದು ಹೆಸರಾದ ಕಡೆ ಈಜು ನಿಷೇಧ, ಬೇಲಿ, ಎಚ್ಚರಿಕೆಯ ಫಲಕ. ಎಷ್ಟೋ ತರುಣರು ಅಲ್ಲಿ ಸತ್ತಿದ್ದಾರೆ. ಆ ನೆಲದ ಮೂಲನಿವಾಸಿಗಳಾದ ಯಿದಿಂಜಿ ಜನ ಊಲಾನಾ ಎಂಬ ಹೆಣ್ಣಿನ ಕಥೆ ಹೇಳಿ ಆ ನೀರಿನ ಬಗ್ಗೆ ಎಚ್ಚರಿಸುತ್ತಾರೆ. ಸೈತಾನ ಎಂದು ಹೆಸರಿಟ್ಟು ಫೋಟೋ ತೆಗೆಯುವವರಿಗಿಂತ ಅವರ ಕಥೆ ಮೇಲು. ನೀರು ಅಲ್ಲಿ ಬಂಡೆಯ ಅಡಿಯ ಸಂದಿಗಳಲ್ಲಿ ನುಗ್ಗುತ್ತದೆ, ಬಂಡೆ ನುಣ್ಣಗೆ. ಕಾಲು ಜಾರಿದವನು ಸಂದಿಗೆ ಸಿಕ್ಕಿದರೆ ಮುಗಿಯಿತು, ಎಂಥ ಈಜುಗಾರನಾದರೂ.

ಆ ಬೇಲಿ ದಾಟಿ ರೀಲ್ಸ್ ಮಾಡುವ ನಮ್ಮವರನ್ನು ನಾನು ಕಂಡಿದ್ದೇನೆ. “ದೇವರು ನೋಡಿಕೊಳ್ತಾರೆ ಬ್ರೋ” ಅಂದರು. ದೇವಾಲಯದ ತುದಿಯಲ್ಲಿ ನಿಲ್ಲಿಸಿ ಧುಮುಕು ಎಂದವನ ಮಾತಿದು, ಯೇಸು ಅದಕ್ಕೆ ಒಪ್ಪಲಿಲ್ಲ. ಇನ್ನು ಕೆಲವರು ಅಳಿವೆಯ ಬಳಿ ಮೊಸಳೆ ಫಲಕದ ಪಕ್ಕ ನಿಂತು ಸೆಲ್ಫಿ ತೆಗೆಯುತ್ತಾರೆ. ಅಲ್ಲಿಯ ಮೊಸಳೆ ನಮ್ಮ ಅನಂತಪುರದ ಬಬಿಯಾ ಅಲ್ಲ, ನೈವೇದ್ಯದ ಅನ್ನ ತಿಂದು ಸುಮ್ಮನಿರಲು.

ಆದರೆ ದೊಡ್ಡ ತಪ್ಪು ಇಲ್ಲಿ, ನಮ್ಮಲ್ಲೇ. ನನ್ನ ಅಜ್ಜಿ ಸೀರೆ ಎತ್ತಿ ಕಟ್ಟಿ ಹೊಳೆ ಈಜುತ್ತಿದ್ದರು, ಆಚೆ ದಡದ ಗದ್ದೆಗೆ ಹೋಗಲು. ಅಪ್ಪ ಕಟ್ಟದ ನೀರಿನಲ್ಲಿ ಕಲಿತರು. ನಮ್ಮ ಕಾಲಕ್ಕೆ ಬೋರ್‌ವೆಲ್ ಬಂತು, ಕೆರೆಗೆ ಬೇಲಿ ಬಂತು, “ಹೊಳೆಗೆ ಹೋದರೆ ಕಾಲು ಮುರಿಯುತ್ತೇನೆ” ಬಂತು. ಹುಡುಗಿಯರಿಗಂತೂ ನೀರೇ ಇಲ್ಲ. ಅದೇ ಹುಡುಗಿಯರು ನರ್ಸಿಂಗ್ ಮುಗಿಸಿ ಸಮುದ್ರ ಸುತ್ತಿದ ದೇಶಗಳಿಗೆ ಹೋಗುತ್ತಾರೆ. ಹೊರಡುವ ಮೊದಲು ಪೂಜೆಯಲ್ಲಿ ಹೆಸರು ಓದುತ್ತೇವೆ, ಫಾದರ್ ಆಶೀರ್ವಾದ ಕೊಡುತ್ತಾರೆ, ಉಪ್ಪಿನಕಾಯಿ ಕಟ್ಟುತ್ತೇವೆ. ಐಇಎಲ್‌ಟಿಎಸ್ ಕೋಚಿಂಗಿಗೆ ಸಾವಿರಾರು ರೂಪಾಯಿ ಸುರಿಯುತ್ತೇವೆ. “ನಿನಗೆ ಈಜು ಬರುತ್ತದಾ?” ಎಂದು ನನ್ನನ್ನು ಒಬ್ಬರೂ ಕೇಳಲಿಲ್ಲ.

“ಫಾಲ್ಸಿಗೆ ಹೋಗಬೇಡಿ ಎಂದರೆ ಸಾಲದಾ?” ಎಂದು ನಮ್ಮ ಗುರಿಕಾರರು ಕೇಳಿದರು. ಸಾಲದು ಅಂಕಲ್. ಇಪ್ಪತ್ತೆರಡು ವರ್ಷದವರು ಹೋಗಿಯೇ ಹೋಗುತ್ತಾರೆ, ಹೋಗಬೇಕು ಕೂಡ. ಬೇಡ ಎಂದು ಕಳಿಸಿದವನು ಮನೆಗೆ ಹೇಳದೆ ಹೋಗುತ್ತಾನೆ. ಮುಳುಗುವವನನ್ನು ಕಂಡರೆ ಹಾರಬಾರದು; ಹಗ್ಗ, ಕೋಲು, ಮುಚ್ಚಿದ ಖಾಲಿ ಕ್ಯಾನ್ ಎಸೆಯಬೇಕು, ಅಲ್ಲಿಯಾದರೆ 000ಕ್ಕೆ ಫೋನ್ ಮಾಡಬೇಕು. ಇಷ್ಟನ್ನು ಹೇಳಿಕೊಡಲು ಅರ್ಧ ಗಂಟೆ ಬೇಕು. ಈಜು ಕಲಿಸಲು ಒಂದು ಬೇಸಿಗೆ ರಜೆ.

ಈ ವರ್ಷದ ಯುವಜನರ ಪಿಕ್ನಿಕ್ ಹಣವನ್ನು ಮೇ ತಿಂಗಳ ಈಜು ತರಬೇತಿಗೆ ಕೊಡಬೇಕು, ಹುಡುಗಿಯರಿಗೆ ಬೇರೆ ಸಮಯ, ಮಹಿಳಾ ತರಬೇತುದಾರರು ಬೇಕು ಎಂದು ಪಾಲನಾ ಪರಿಷತ್ತಿಗೆ ಬರೆದು ಕೊಟ್ಟಿದ್ದೇನೆ. ಬರುವ ಭಾನುವಾರ ಎರಡನೇ ಪೂಜೆ ಮುಗಿದ ಮೇಲೆ ಹಾಲ್‌ನಲ್ಲಿ ಸಭೆ ಇದೆ. ಹೆಬ್ಬೆಟ್ಟು ಒತ್ತಿದ ಹದಿನಾಲ್ಕು ಮಂದಿಯೂ ದಯವಿಟ್ಟು ಬನ್ನಿ, ಬೇಡ ಎನ್ನುವುದಿದ್ದರೆ ಅಲ್ಲೇ ಎದ್ದು ನಿಂತು ಹೇಳಿ. ಕಲಿಯುವವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಇದೆ.