ಕೈ ಅಡ್ಡ ಹಿಡಿಯಬೇಡಿ, ಟಯರ್ ಕಟ್ಟಿ

ಕಳೆದ ವಾರ ಮೀನಿನ ದರದ ಸುದ್ದಿಗೆಂದು ನಮ್ಮ ಜಿಲ್ಲೆಯ ಒಂದು ದಕ್ಕೆಗೆ ಹೋಗಿದ್ದೆವು. ಬೆಳಗ್ಗೆ 7 ಗಂಟೆ. ಅಳಿವೆಯ ಕಡೆಯಿಂದ ಬಂದ ನಾಡದೋಣಿಯೊಂದು, ಅಲ್ಲಿ ಕಟ್ಟಿದ್ದ ಇನ್ನೊಂದು ದೋಣಿಯ ಬದಿಗೆ ಸೇರಬೇಕಿತ್ತು. ಎಂಜಿನ್ ಬಂದ್ ಆಗಿತ್ತು. ಮನುಷ್ಯ ನಡೆಯುವಷ್ಟೇ ವೇಗ. ಆದರೆ ಉಬ್ಬರದ ನೀರು ಹಿಂದಿನಿಂದ ನೂಕುತ್ತಿತ್ತು. ಮುಂದೆ ಕುಳಿತಿದ್ದ ಹುಡುಗ ಅಭ್ಯಾಸದಂತೆ ಕೈ ಅಡ್ಡ ಹಿಡಿದ. ಎರಡು ದೋಣಿಗಳ ನಡುವೆ ಬೆರಳು ಸಿಕ್ಕಿತು.

ಅವನನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಕಳಿಸಿದ ಮೇಲೆ ದಕ್ಕೆಯಲ್ಲಿ ಶುರುವಾದದ್ದು ಬೇರೆಯೇ ಜಗಳ. ಕಟ್ಟಿದ್ದ ದೋಣಿಯ ಫೈಬರ್ ಅಂಚು ಬಿರುಕು ಬಿಟ್ಟಿತ್ತು. ರಿಪೇರಿ ಖರ್ಚು ಯಾರದ್ದು? ಒಂದು ಗಂಟೆ ಮಾತಾಯಿತು. ಎರಡೂ ದೋಣಿಗಳಿಗೆ ಒಂದೇ ಒಂದು ಟಯರ್ ಇರಲಿಲ್ಲ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ನಾವೇ ಕೇಳಿದಾಗ ಹಿರಿಯರೊಬ್ಬರು ನಕ್ಕರು: "ಎಂತ ಮಾಡುದ್ ಮಾರಾಯ್ರೆ, ನೀರಂಗೆ ಬ್ರೇಕ್ ಇತ್ತಾ?"

ಬ್ರೇಕ್ ಇಲ್ಲ, ನಿಜ. ಅದಕ್ಕೇ ಬೇರೆ ದಾರಿ ಬೇಕು ಎನ್ನುವುದು ನಮ್ಮ ವಾದ.

ಮೊದಲು ಒಂದು ಲೆಕ್ಕ. ಬಲೆ, ಎಂಜಿನ್, ಜನ ಎಲ್ಲ ಸೇರಿ ದೋಣಿ 1 ಟನ್ ತೂಗುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 4 ಕಿ.ಮೀ. ವೇಗದಲ್ಲಿ ಅದು ಗುದ್ದಿದರೆ, 50 ಕೆ.ಜಿ. ಅಕ್ಕಿ ಮೂಟೆಯನ್ನು ಎದೆಮಟ್ಟದಿಂದ ಕೆಳಗೆ ಬಿಟ್ಟಷ್ಟು ಪೆಟ್ಟು. ಅದರ ಕೆಳಗೆ ಯಾರಾದರೂ ಕೈ ಇಡುತ್ತಾರೆಯೇ? ಅದೇ ವೇಗವನ್ನು 2 ಕಿ.ಮೀ.ಗೆ ಇಳಿಸಿದರೆ ಪೆಟ್ಟು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಅದೇ ಮೂಟೆ ಒಂದು ಅಡಿ ಎತ್ತರದಿಂದ ಬಿದ್ದಂತೆ. ಕೊನೆಯ ಹತ್ತು ಮಾರು ದೂರದಲ್ಲಿ ತೋರಿಸುವ ತಾಳ್ಮೆಗೆ ಇಷ್ಟು ಬೆಲೆಯಿದೆ.

ಎರಡನೆಯದು ಟಯರ್. ಫೈಬರಿಗೆ ಫೈಬರ್ ತಾಗಿದರೆ ದೋಣಿ ಒಂದು ಬೆರಳಿನಷ್ಟು ಜಾಗದೊಳಗೆ ನಿಲ್ಲಬೇಕು, ಪೂರ್ತಿ ಪೆಟ್ಟು ಅಲ್ಲೇ. ನಡುವೆ ಟಯರ್ ಇದ್ದರೆ ಅದು ಅದುಮಿಕೊಳ್ಳುತ್ತ ಒಂದು ಗೇಣಿನಷ್ಟು ಜಾಗ ಕೊಡುತ್ತದೆ. ನಿಲ್ಲಲು ಜಾಗ ಹೆಚ್ಚಿದಷ್ಟೂ ಪೆಟ್ಟಿನ ಬಲ ಕಡಿಮೆ. ಮೇಲೆ ಕಾಣುವ ಕೂದಲೆಳೆ ಬಿರುಕನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದರ ಮೂಲಕ ಒಳಗಿಳಿದ ನೀರು ಫೈಬರಿನ ಪದರಗಳನ್ನು ಬಿಡಿಸುತ್ತದೆ. ಒಳಗೆ ಮರವಿದ್ದರೆ ಅದು ಕುಂಬಾಗುತ್ತದೆ.

ಟಯರಿಗೆ ದೊಡ್ಡ ಖರ್ಚಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಹಳೆ ಸ್ಕೂಟರ್ ಟಯರ್ ಕೇಳಿದರೆ ಕೊಡುತ್ತಾರೆ. ಅದೂ ಇಲ್ಲವೆಂದರೆ ಹಳೆ ಹಗ್ಗವನ್ನು ದಪ್ಪಗೆ ಸುತ್ತಿ, ಹರಿದ ಬಲೆಯಲ್ಲಿ ಬಿಗಿದು ತೂಗಿಬಿಡಿ. ಥರ್ಮಾಕೋಲ್ ಬೇಡ, ಪುಡಿಯಾಗಿ ಹೊಳೆ ಸೇರುತ್ತದೆ. ಟಯರಿನ ಕೆಳಭಾಗಕ್ಕೆ ಒಂದು ತೂತು ಕೊರೆಯಿರಿ, ನೀರು ನಿಂತು ಸೊಳ್ಳೆ ಆಗುವುದಿಲ್ಲ. ಬದಿಯಲ್ಲಿ ಎಲ್ಲಿ ಉಬ್ಬು ಹೆಚ್ಚೋ ಅಲ್ಲಿಗೇ ತಾಗುವಂತೆ ಕಟ್ಟಿ. ತೀರಾ ಮೇಲೆ ಕಟ್ಟಿದರೆ ಇದ್ದೂ ಇಲ್ಲದಂತೆ.

"ಟಯರಿಗೆ ಬಲೆ ಸಿಕ್ಕಿಕೊಳ್ಳುತ್ತದೆ" ಎನ್ನುತ್ತಾರೆ. ಒಪ್ಪಿದೆವು. ಸಮುದ್ರದಲ್ಲಿ ಬಲೆ ಎಳೆಯುವಾಗ ಒಳಗೆ ಹಾಕಿಕೊಳ್ಳಿ, ಅಳಿವೆ ದಾಟಿ ಒಳಬಂದ ಮೇಲೆ ಹೊರಗೆ ಬಿಡಿ. ಒಂದು ನಿಮಿಷದ ಕೆಲಸ.

ಮೂರನೆಯದು ನೀರಿನ ಎಳೆತ. ಆ ದಿನ ದೋಣಿ ನೀರಿನ ಜೊತೆಗೇ ಬಂತು. ಸ್ವಲ್ಪ ಮುಂದೆ ಹೋಗಿ, ತಿರುಗಿ, ನೀರಿಗೆ ಎದುರಾಗಿ ಬಂದಿದ್ದರೆ ನೀರೇ ಬ್ರೇಕ್ ಆಗುತ್ತಿತ್ತು. ಆ ಹಿರಿಯರಿಗೆ ನಮ್ಮ ಉತ್ತರ ಇದು. ಎಂಜಿನ್ನನ್ನೂ ಬೇಗ ಬಂದ್ ಮಾಡಬೇಡಿ. ದೋಣಿ ಕಟ್ಟುವವರೆಗೆ ರಿವರ್ಸ್ ಕೈಯಲ್ಲಿರಲಿ. ಎದುರಿನಿಂದ ದೋಣಿ ನೇರ ಬಂದರೆ ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುಗಬೇಕು. ಹಿಂದಿನಿಂದ ಬಂದು ದಾಟುವವನೇ ದೂರ ಸರಿದು ಹೋಗಬೇಕು. ಇದು ಸಮುದ್ರದ ಅಂತರರಾಷ್ಟ್ರೀಯ ನಿಯಮ. ರಸ್ತೆಯ ಎಡಬದಿ ಅಭ್ಯಾಸವನ್ನು ನೀರಿಗೆ ತರಬೇಡಿ.

ಎಲ್ಲವನ್ನೂ ಮೀನುಗಾರರ ತಲೆಗೇ ಕಟ್ಟುವುದೂ ಸರಿಯಲ್ಲ. ನಾವು ನಿಂತಿದ್ದ ದಕ್ಕೆಯ ಅಂಚು ಬರೀ ಕಾಂಕ್ರೀಟ್. ರಬ್ಬರ್ ಕಿತ್ತುಹೋದ ಕಡೆ ಬೋಲ್ಟುಗಳು ಹೊರಗೆ ಚಾಚಿವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ದಕ್ಕೆ ಕೆಲಸಕ್ಕೆ ಅದೇ ಸಮಯ. ಸಹಕಾರ ಸಂಘಗಳ ಸಭೆಯಲ್ಲಿ ಡೀಸೆಲ್ ಸಬ್ಸಿಡಿಯ ಮಾತಿನ ಜೊತೆಗೆ ಈ ರಬ್ಬರಿನ ಮಾತೂ ಬರಲಿ, ಲಿಖಿತ ಅರ್ಜಿಯೂ ಹೋಗಲಿ. ಸಂಘವೇ ಒಂದು ನಿಯಮ ಮಾಡಲಿ: ಟಯರ್ ಕಟ್ಟದ ದೋಣಿ ಇನ್ನೊಂದರ ಬದಿಗೆ ಸೇರಬಾರದು.

ಅಂಚಿನ ಬಿರುಕಿಗೆ ನಾಲ್ಕು ದಿನದಲ್ಲಿ ತೇಪೆ ಬಿತ್ತು, ದೋಣಿ ಮತ್ತೆ ಕಡಲಿಗೆ ಹೋಯಿತು. ಹುಡುಗನ ಎರಡು ಬೆರಳುಗಳ ಎಲುಬು ಮುರಿದಿದೆ. ಬಲೆ ಎಳೆಯುವ ಕೈ ಅದು. ಅವನ ಪಾಲಿನ ದುಡಿಮೆ ನಿಂತಿದೆ, ಅದರ ಲೆಕ್ಕ ಯಾರೂ ಕೇಳಿಲ್ಲ.

ನಿಮ್ಮ ಮನೆಯ ದೋಣಿಗೆ ಟಯರ್ ಇದೆಯೇ? ಇಂದು ಸಂಜೆ ಹೊಳೆಬದಿಗೆ ಹೋದಾಗ ಒಮ್ಮೆ ನೋಡಿ ಬನ್ನಿ.